ದಾನಿಯ ಭಾಷಣ ಬೇಡ, ಲೆಕ್ಕ ಓದಿ



ನಿಮ್ಮೂರ ಕೆರೆ ಏರಿ ಮೇಲೆ, ಇಲ್ಲವೇ ಹಳೇ ಗುಡಿ ಮುಂದೆ, ಅರ್ಧ ಹೂತುಹೋದ ಒಂದು ಕಲ್ಲು ಇರಬಹುದು. ದನ ಮೈ ಉಜ್ಜಿಕೊಳ್ಳುತ್ತವೆ, ಹುಡುಗರು ಅದರ ಮೇಲೆ ಕೂತು ಬೀಡಿ ಸೇದುತ್ತಾರೆ. ಅದರಲ್ಲಿ ಏನು ಬರೆದಿದೆ ಅಂತ ಒಂದು ದಿನ ತಿಳಿದವರನ್ನು ಕೇಳಿ ನೋಡಿ. ಇಂಥ ಅರಸನ ಕಾಲದಲ್ಲಿ ಇಂಥ ಗೌಡ ಈ ಕೆರೆಗೆ ಇಷ್ಟು ಕೊಳಗ ಗದ್ದೆ ಬಿಟ್ಟ, ಅದರ ಎಲ್ಲೆ ಮೂಡಲಿಗೆ ಇದು, ಪಡುವಲಿಗೆ ಅದು ಅಂತ ಇರುತ್ತದೆ. ಕೆರೆ ಕಟ್ಟಿದವರಿಗೆ, ಕೆರೆ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರೇ ಇತ್ತು. ಬಿ.ಎಲ್. ರೈಸ್ ಎಂಬ ಅಧಿಕಾರಿ ಇಂಥ ಸಾವಿರಾರು ಶಾಸನಗಳನ್ನು ಓದಿಸಿ, 1886ರಿಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು.

ಹಳೇ ಕಾಲದ ದೊರೆಗಳು ದೇವರಾಗಿದ್ದರು ಅಂತ ನಾನು ಹೇಳೋದಿಲ್ಲ. ಅವರೂ ನಮ್ಮ ಕಣಜದಿಂದ ಎತ್ತಿದ ಕಂದಾಯದಲ್ಲೇ ಪುಣ್ಯ ಕಟ್ಟಿಕೊಂಡವರು. ಆದರೆ ಒಂದು ಮಾತು ಒಪ್ಪಬೇಕು. ಕೊಟ್ಟದ್ದನ್ನು ಊರ ಮುಂದೆ, ಹೋಗಿ ಬರುವವರ ಕಣ್ಣಿಗೆ ಬೀಳುವಂತೆ, ಅಳತೆ ಸಮೇತ ಬರೆಸಿದರು. ಈಗಿನ ಧಣಿಗಳ ಕಲ್ಲು ನೋಡಿ. ಶಾಲೆ ಗೋಡೆ ಮೇಲೆ ಗ್ರಾನೈಟು, ಚಿನ್ನದ ಬಣ್ಣದ ಅಕ್ಷರ, ಮೇಲೆ ಕಂಪನಿ ಹೆಸರು, ಕೆಳಗೆ ಉದ್ಘಾಟನೆ ಮಾಡಿದ ಮಂತ್ರಿ ಹೆಸರು. ಎಷ್ಟು ಕೊಟ್ಟರು? ಅದೊಂದು ಮಾತ್ರ ಇಲ್ಲ.

ಆ ಲೆಕ್ಕ ಎಲ್ಲೂ ಇಲ್ಲ ಅಂತ ತಿಳಿಯಬೇಡಿ. ಇದೆ. ಕಾನೂನು ಅವರ ಕೈಯಿಂದ ಬರೆಸಿದೆ. ಯಾವ ಕಂಪನಿ ಯಾವ ವರ್ಷ ಯಾವ ಜಿಲ್ಲೆಗೆ ಯಾವ ಕೆಲಸಕ್ಕೆ ಎಷ್ಟು ಕೊಟ್ಟಿತು ಅನ್ನೋದು ಯಾರು ಬೇಕಾದರೂ ನೋಡಬಹುದಾದ ಕಾಗದ. ನಾವು ಓದೋದಿಲ್ಲ. ಓದದೆ ಹಾರ ಹಿಡಿದು ಹೋಗುತ್ತೇವೆ, ಅರ್ಜಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತೇವೆ, ನಡುವೆ ಒಬ್ಬ ದಲ್ಲಾಳಿಯನ್ನು ಸಾಕುತ್ತೇವೆ. ಈ ಪತ್ರಿಕೆಯಲ್ಲಿ ಮಂಡಿಯ ದಲ್ಲಾಳಿ ಮೇಲೆ ನಾವೆಲ್ಲ ಬೇಕಾದಷ್ಟು ಬರೆದಿದ್ದೇವೆ. ದಾನದ ದಲ್ಲಾಳಿ ಮೇಲೆ ಇವತ್ತು ಬರೆಯುತ್ತೇನೆ. ಅವನಿಗೆ ಬಾಗಿಲು ತೆಗೆದವನೇ ನಾನು. ಹಾಗಾಗಿ ಬರೆಯೋ ಅಧಿಕಾರವೂ ನನಗಿದೆ, ನಾಚಿಕೆಯೂ ಇದೆ.

ನಮ್ಮೂರಲ್ಲಿ ಆದದ್ದು

2016ರ ಬರ ನಿಮಗೆ ನೆನಪಿರಬೇಕು. ನಮ್ಮ ಕೆರೆಯಲ್ಲಿ ಹೂಳು ತೂಬಿನ ಮಟ್ಟಕ್ಕೆ ಬಂದಿತ್ತು. ತೆಂಗಿನ ಸುಳಿ ಒಣಗಿ ಬೀಳುತ್ತಿದ್ದವು. ಬೋರು ಕೊರೆಸಿ ಕೊರೆಸಿ ಜನ ಸೊಸೈಟಿಗೂ ಸಾಲ, ಬ್ಯಾಂಕಿಗೂ ಸಾಲ, ಸಂಘಕ್ಕೂ ಸಾಲ ಮಾಡಿ ಕೂತಿದ್ದರು. ಆಗ ತಾಲ್ಲೂಕು ಕೇಂದ್ರದಲ್ಲಿ ಬೋರ್ಡು ಹಾಕಿಕೊಂಡಿದ್ದ ಒಬ್ಬ ಮಹಾಶಯ ಬಂದ. ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ತನಗೆ ಪರಿಚಯ ಇದೆ, ಅವರು ಕೋಟಿಗಟ್ಟಲೆ ದಾನ ಮಾಡುತ್ತಾರೆ, ನಿಮ್ಮ ಕೆರೆ ಹೂಳು ಪೂರಾ ತೆಗೆಸಿಕೊಡುತ್ತಾರೆ ಅಂದ. ಯೋಜನಾ ವರದಿ ಮಾಡಿಸೋಕೆ, ಓಡಾಟಕ್ಕೆ, ಮನೆಗೆ 300 ರೂಪಾಯಿ ಹಾಕಿ ಅಂದ. 140 ಮನೆ. 42 ಸಾವಿರ ರೂಪಾಯಿ. ಮನೆಮನೆಗೆ ಹೋಗಿ ಆ ದುಡ್ಡು ಎತ್ತಿದವನು ನಾನೇ. ಗಂಡ ಸತ್ತು ಎರಡು ಎಕರೆ ನೋಡಿಕೊಳ್ಳುತ್ತಿದ್ದ ಒಬ್ಬ ಹೆಣ್ಣುಮಗಳು ಸಂಘದ ಸಾಲದ ದುಡ್ಡಲ್ಲಿ 300 ಎಣಿಸಿಕೊಟ್ಟು, "ಕೆರೆ ತುಂಬುತ್ತಲ್ಲ ಅಣ್ಣ?" ಅಂದಳು. "ತುಂಬುತ್ತೆ ಕಣವ್ವ" ಅಂದೆ.

ಮೂರು ವರ್ಷ ಓಡಾಡಿದ್ವಿ. ಟೆಂಪೋ ಮಾಡಿಕೊಂಡು ನಾಲ್ಕು ಸಲ ಬೆಂಗಳೂರಿಗೆ ಹೋದ್ವಿ. ಗಾಜಿನ ಕಟ್ಟಡದ ಕೆಳಗಡೆ ಕೂರಿಸಿ, ನೀರು ಕೊಟ್ಟು, ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂತ ಕಳಿಸಿದರು. ಒಂದು ಸಲ ಯಾರೋ ಒಬ್ಬರು ಊರಿಗೆ ಬಂದರು. ಪೂರ್ಣಕುಂಭ, ವಾದ್ಯ, ಮೈಸೂರು ಪೇಟ, ಹೋಳಿಗೆ ಊಟ. ಫೋಟೋ ಹೊಡೆಸಿಕೊಂಡು ಹೋದರು. 2019ರಲ್ಲಿ ಎರಡು ಸಾಲಿನ ಕಾಗದ ಬಂತು. ನಿಮ್ಮ ಕೋರಿಕೆ ನಮ್ಮ ಆದ್ಯತೆಯ ಕ್ಷೇತ್ರದಲ್ಲಿ ಬರುವುದಿಲ್ಲ ಅಂತ. ಆ ಮಹಾಶಯ ಫೋನ್ ಎತ್ತೋದು ನಿಲ್ಲಿಸಿದ.

ನನ್ನ ತಂಗಿ ಮಗಳು ಬಿ.ಕಾಂ. ಓದಿದವಳು. ಆ ಕಾಗದ ನೋಡಿ, "ಮಾವ, ಹೋಗೋಕೆ ಮುಂಚೆ ಇವರ ವಾರ್ಷಿಕ ವರದಿ ನೋಡಿದ್ರಾ?" ಅಂದಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ವಾರ್ಷಿಕ ವರದಿ ಅಂದರೆ ಷೇರು ಇಟ್ಟವರು ನೋಡೋದು ಅಂತ ತಿಳಿದಿದ್ದೆ. ಅವಳು ಅದೇ ರಾತ್ರಿ ಆ ಕಂಪನಿಯ ನಾಲ್ಕು ವರ್ಷದ ವರದಿ ತೆಗೆದಳು. ಹಿಂದುಗಡೆ ಒಂದು ಪಟ್ಟಿ. ಕೆಲಸ ಯಾವುದು, ರಾಜ್ಯ ಯಾವುದು, ಜಿಲ್ಲೆ ಯಾವುದು, ಇಟ್ಟ ದುಡ್ಡು ಎಷ್ಟು, ಖರ್ಚಾದದ್ದು ಎಷ್ಟು, ಯಾರ ಕೈಲಿ ಮಾಡಿಸಿದರು ಅಂತ ಸಾಲುಸಾಲಾಗಿ ಇತ್ತು. ಶಾಲೆಗಳಿಗೆ ಕಂಪ್ಯೂಟರು, ನಗರದ ಆಸ್ಪತ್ರೆಗೆ ಯಂತ್ರ, ನಗರದ ಉದ್ಯಾನ. ನಾಲ್ಕು ವರ್ಷದಲ್ಲಿ ಒಂದೇ ಒಂದು ಕೆರೆ ಇಲ್ಲ. ನಮ್ಮ ಜಿಲ್ಲೆ ಹೆಸರೇ ಇಲ್ಲ. "ಇವರು ಕೆರೆಗೆ ಒಂದು ರೂಪಾಯಿನೂ ಕೊಟ್ಟವರಲ್ಲ ಕಣ್ ಮಾವ" ಅಂದಳು.

ನಾವು ಮೊದಲ ಸಲ ಟೆಂಪೋ ಹತ್ತುವ ಮೊದಲೇ ಅದರಲ್ಲಿ ಎರಡು ವರ್ಷದ ಪಟ್ಟಿ ಎಲ್ಲರಿಗೂ ಕಾಣುವಂತೆ ಇತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ್ವಿ. ಕಂಪನಿ ಮೋಸ ಮಾಡಿತು ಅಂತ ನಾನು ಹೇಳೋದಿಲ್ಲ. ಅವರು ಏನು ಮಾಡುತ್ತೇವೆ ಅನ್ನೋದನ್ನು ಬರೆದೇ ಇಟ್ಟಿದ್ದರು. ನಾವು ಅವರ ಭಾಷಣ ಕೇಳಿದ್ವಿ, ಲೆಕ್ಕ ಓದಲಿಲ್ಲ.

ಇದು ದಾನವಲ್ಲ, ಕಾನೂನು

ಮೊದಲು ಒಂದು ಭ್ರಮೆ ಬಿಡಿ. ಕಂಪನಿಯವರು ಕರುಳು ಕಿವುಚಿ ಕೊಡುತ್ತಾರೆ ಅನ್ನೋದು ಸುಳ್ಳು. 2013ರ ಕಂಪನಿ ಕಾಯಿದೆಯಲ್ಲಿ 135ನೇ ಕಲಂ ಇದೆ. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ನಿವ್ವಳ ಆಸ್ತಿ 500 ಕೋಟಿ ಇರುವ, ಇಲ್ಲವೇ ವರ್ಷದ ವಹಿವಾಟು 1000 ಕೋಟಿ ಇರುವ, ಇಲ್ಲವೇ ನಿವ್ವಳ ಲಾಭ 5 ಕೋಟಿ ಇರುವ ಯಾವ ಕಂಪನಿಯೇ ಆಗಲಿ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಇದಕ್ಕೆ ಸಾಮಾಜಿಕ ಹೊಣೆಗಾರಿಕೆ, ಸಿಎಸ್‌ಆರ್ ಅಂತ ಹೆಸರು. ಸರಾಸರಿ 10 ಕೋಟಿ ಲಾಭ ಇದ್ದರೆ 20 ಲಕ್ಷ. ಅಷ್ಟೇ ಲೆಕ್ಕ. ಯಾವ ಕೆಲಸಕ್ಕೆ ಅಂತ ಕಾಯಿದೆಯ ಏಳನೇ ಅನುಸೂಚಿಯಲ್ಲಿ ಪಟ್ಟಿ ಇದೆ. ಹಸಿವು, ಆರೋಗ್ಯ, ಕುಡಿಯುವ ನೀರು, ಶಿಕ್ಷಣ, ಮಣ್ಣು ಮತ್ತು ನೀರಿನ ಸಂರಕ್ಷಣೆ, ಗ್ರಾಮೀಣ ಅಭಿವೃದ್ಧಿ, ವಿಪತ್ತು ಪರಿಹಾರ ಎಲ್ಲ ಅದರಲ್ಲಿವೆ. ನಮ್ಮ ಕೆರೆ, ನಮ್ಮ ಶಾಲೆ ಎರಡೂ ಆ ಪಟ್ಟಿಯೊಳಗೆ ಬರುತ್ತವೆ.

ಮೊದಲ ವರ್ಷ, 2014-15ರಲ್ಲಿ, ದೇಶದ ಕಂಪನಿಗಳು ಈ ಬಾಬ್ತಿನಲ್ಲಿ ಖರ್ಚು ಮಾಡಿದ್ದು ಸುಮಾರು 10 ಸಾವಿರ ಕೋಟಿ. 2021-22ರ ಹೊತ್ತಿಗೆ ಅದು 26 ಸಾವಿರ ಕೋಟಿ ದಾಟಿತು. ಹೆಚ್ಚು ದುಡ್ಡು ಹರಿಯುವ ರಾಜ್ಯಗಳ ಮೊದಲ ಸಾಲಿನಲ್ಲಿ ನಮ್ಮ ಕರ್ನಾಟಕವೂ ಇದೆ. ಹಾಗಾದರೆ ನಿಮ್ಮೂರಿಗೆ ಎಷ್ಟು ಬಂತು? ನಿಮ್ಮ ತಾಲ್ಲೂಕಿಗೆ ಎಷ್ಟು ಬಂತು? ಕೇಳಿದ್ದೀರಾ?

ಇದರಲ್ಲಿ ಸರ್ಕಾರ ಕಂಪನಿಗಳ ಕೈ ಹೇಗೆ ಸಡಿಲ ಬಿಟ್ಟಿದೆ ಅನ್ನೋದನ್ನೂ ಕೇಳಿ. ಮೊದಲ ಏಳು ವರ್ಷ, ಅಂದರೆ 2021ರ ಜನವರಿವರೆಗೆ, ಖರ್ಚು ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ವರದಿಯಲ್ಲಿ ಕಾರಣ ಬರೆದರೆ ಸಾಕಿತ್ತು. ಬೆಳೆಸಾಲದ ಕಂತು ಕಟ್ಟದಿದ್ದಾಗ ನಾವೂ ಹಾಗೇ ಕಾರಣ ಬರೆದು ಕೊಟ್ಟಿದ್ದರೆ ಬ್ಯಾಂಕಿನವರು ಸುಮ್ಮನಿರುತ್ತಿದ್ದರೇ? ಇನ್ನೊಂದು. ಕಂಪನಿ ಎಲ್ಲಿ ಕಾರ್ಖಾನೆ ನಡೆಸುತ್ತದೋ ಆ ಸುತ್ತಲ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಅಂತ ಕಲಮಿನಲ್ಲೇ ಇದೆ. 2021ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಸುತ್ತೋಲೆ ಹೊರಡಿಸಿ, ಅದು ಸೂಚನೆ ಮಾತ್ರ, ಕಡ್ಡಾಯ ಅಲ್ಲ ಅಂದಿತು. ನಮ್ಮ ಹೊಳೆಯ ನೀರು, ನಮ್ಮ ಭೂಮಿ, ನಮ್ಮ ಗಾಳಿಗೆ ಹೊಗೆ. ದುಡ್ಡು ಮಾತ್ರ ಎಲ್ಲಿಗೆ ಬೇಕಾದರೂ ಹೋಗಬಹುದು! 2020ರಲ್ಲಿ ಕೊರೊನಾ ಬಂದಾಗ ಪ್ರಧಾನಿಯವರ ಪಿಎಂ ಕೇರ್ಸ್ ನಿಧಿಗೆ ಕೊಟ್ಟರೆ ಈ ಲೆಕ್ಕಕ್ಕೆ ಜಮಾ, ರಾಜ್ಯದ ಮುಖ್ಯಮಂತ್ರಿ ಪರಿಹಾರ ನಿಧಿಗೆ ಕೊಟ್ಟರೆ ಜಮಾ ಇಲ್ಲ ಅಂತಲೂ ಹೇಳಿತು. ಅತ್ತೆಯ ಧನ ಅಳಿಯ ದಾನ ಮಾಡಿದ ಅಂತಾರಲ್ಲ, ಇದೇ ಅದು.

ಲೆಕ್ಕ ಎಲ್ಲಿದೆ, ಹೇಗೆ ಓದಬೇಕು

ಕಷ್ಟ ಏನೂ ಇಲ್ಲ. ಪಹಣಿ ಓದಬಲ್ಲವನು ಇದನ್ನೂ ಓದಬಲ್ಲ. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಬೆಳೆ, ಋಣ ಹೇಗೆ ಅಂಕಣ ಅಂಕಣವಾಗಿ ಇರುತ್ತದೋ ಇದೂ ಹಾಗೇ. ಇಂಗ್ಲಿಷಿನಲ್ಲಿರುತ್ತದೆ, ಅದೊಂದು ತೊಡಕು. ಊರಲ್ಲಿ ಓದಿದ ಮಗನೋ ಮಗಳೋ ಇಲ್ಲದ ಮನೆ ಈಗ ಯಾವುದಿದೆ? ಅವರನ್ನು ಕೂರಿಸಿಕೊಳ್ಳಿ.

ಒಂದು, ಕೇಂದ್ರದ ಕಂಪನಿ ವ್ಯವಹಾರಗಳ ಮಂತ್ರಾಲಯ ಸಿಎಸ್‌ಆರ್‌ಗೆಂದೇ ಒಂದು ಜಾಲತಾಣ ಇಟ್ಟಿದೆ. ಅಲ್ಲಿ ವರ್ಷ, ರಾಜ್ಯ, ಜಿಲ್ಲೆ, ಕೆಲಸದ ಬಗೆ, ಕಂಪನಿ ಹೀಗೆ ಬೇಕಾದಂತೆ ತೆಗೆಯಬಹುದು. ಮೊದಲು ನಿಮ್ಮ ಜಿಲ್ಲೆ ತೆಗೆಯಿರಿ. ಆಮೇಲೆ ಬೆಂಗಳೂರು ನಗರ ಜಿಲ್ಲೆ ತೆಗೆಯಿರಿ. ಎರಡನ್ನೂ ಪಕ್ಕಪಕ್ಕ ಬರೆದು ಊರ ಕಟ್ಟೆಯ ಮೇಲೆ ಓದಿ. ನಾನು ಏನೂ ಹೇಳಬೇಕಾಗಿಲ್ಲ.

ಎರಡು, ಕಂಪನಿಯ ವಾರ್ಷಿಕ ವರದಿ. ಷೇರು ಪೇಟೆಯಲ್ಲಿರುವ ಕಂಪನಿಗಳದ್ದು ಅವರವರ ಜಾಲತಾಣದಲ್ಲೇ ಇರುತ್ತದೆ. ಆಡಳಿತ ಮಂಡಳಿ ಒಪ್ಪಿದ ಯೋಜನೆಗಳ ಪಟ್ಟಿಯನ್ನು ಜಾಲತಾಣದಲ್ಲಿ ಹಾಕಲೇಬೇಕು ಅಂತ 2021ರ ನಿಯಮ ಹೇಳುತ್ತದೆ.

ಮೂರು, ಸರ್ಕಾರಿ ಸ್ವಾಮ್ಯದ ಕಂಪನಿಗಳು. ಸಂಡೂರಿನ ದೋಣಿಮಲೈಯಲ್ಲಿ ಅದಿರು ತೆಗೆಯುವ ಎನ್‌ಎಂಡಿಸಿ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ ಕರೆಂಟು ಮಾಡುವ ಎನ್‌ಟಿಪಿಸಿ, ಇಂಥವು. ಇವು ಮಾಹಿತಿ ಹಕ್ಕು ಕಾಯಿದೆಯ ಕೆಳಗೆ ಬರುತ್ತವೆ. 10 ರೂಪಾಯಿ ಕಟ್ಟಿ ಅರ್ಜಿ ಹಾಕಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಯಾವ ಊರಿಗೆ, ಯಾರ ಶಿಫಾರಸಿನ ಮೇಲೆ, ಎಷ್ಟು ಅಂತ ಕೇಳಿ. ಖಾಸಗಿ ಕಂಪನಿಗೆ ಈ ಕಾಯಿದೆ ನೇರವಾಗಿ ತಾಗೋದಿಲ್ಲ, ನೆನಪಿರಲಿ.

ಟ್ರಸ್ಟುಗಳ ಮಾತು ಬೇರೆ. ಅಮೆರಿಕದಲ್ಲಿ ಖಾಸಗಿ ಪ್ರತಿಷ್ಠಾನಗಳು ಯಾರಿಗೆ ಎಷ್ಟು ಕೊಟ್ಟೆವು ಅನ್ನೋದನ್ನು ಒಂದೊಂದಾಗಿ ತೆರಿಗೆ ಇಲಾಖೆಗೆ ಬರೆದುಕೊಡಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು. ನಮ್ಮಲ್ಲಿ ಆ ಬಿಗಿ ಇಲ್ಲ. ತಾವಾಗಿ ವರದಿ ಹಾಕುವ ಟ್ರಸ್ಟುಗಳನ್ನು ಮಾತ್ರ ಓದಬಹುದು. ಹಾಕದವರ ಬಾಗಿಲಿಗೆ ಹೋಗುವ ಮುಂಚೆ ಎರಡು ಸಲ ಯೋಚಿಸಿ.

ಈಗ ಓದುವ ರೀತಿ. ಒಂದು ವರ್ಷ ನೋಡಿದರೆ ಸಾಲದು. ಮೂರು ವರ್ಷ ತೆಗೆಯಿರಿ. ಒಂದು ವರ್ಷ ಕೊಟ್ಟದ್ದು ಯಾರದೋ ಮುಲಾಜಿಗೆ ಇರಬಹುದು. ಮೂರು ವರ್ಷ ಒಂದೇ ಕೆಲಸಕ್ಕೆ ಕೊಟ್ಟಿದ್ದರೆ ಅದು ಅವರ ರೂಢಿ. ನಾಲ್ಕನೇ ವರ್ಷವೂ ಅತ್ತಲೇ ಹೋಗುತ್ತಾರೆ. ಪ್ರತಿ ಕಂಪನಿಗೆ ಐದು ಪ್ರಶ್ನೆ ಹಾಕಿ. ನಮ್ಮ ಕೆಲಸದಂಥ ಕೆಲಸಕ್ಕೆ ಕೊಟ್ಟಿದ್ದಾರಾ? ನಮ್ಮ ಜಿಲ್ಲೆಗೆ, ಇಲ್ಲವೇ ಪಕ್ಕದ ಜಿಲ್ಲೆಗೆ ಕೊಟ್ಟಿದ್ದಾರಾ? ಒಂದು ಕೆಲಸಕ್ಕೆ ಹೆಚ್ಚೆಂದರೆ ಎಷ್ಟು ಕೊಟ್ಟಿದ್ದಾರೆ? ತಾವೇ ಮಾಡಿಸುತ್ತಾರಾ, ತಮ್ಮದೇ ಟ್ರಸ್ಟಿಗೆ ಹಾಕುತ್ತಾರಾ, ಹೊರಗಿನ ಸಂಸ್ಥೆಗೆ ಕೊಡುತ್ತಾರಾ? ಖರ್ಚಾಗದೆ ಉಳಿದ ದುಡ್ಡು ಇದೆಯಾ? ತಮ್ಮದೇ ಟ್ರಸ್ಟಿಗೆ ಪೂರ್ತಿ ಸುರಿಯುವವರ ಹತ್ತಿರ ಹೊರಗಿನವರಿಗೆ ಜಾಗ ಕಡಿಮೆ. ದುಡ್ಡು ಉಳಿಸಿಕೊಂಡವರಿಗೆ ಒಳ್ಳೆ ಕೆಲಸದ ಅಗತ್ಯ ಇರುತ್ತದೆ. ವರ್ಷದ ಕಾರ್ಯಯೋಜನೆಗೆ ಆಡಳಿತ ಮಂಡಳಿ ಒಪ್ಪಿಗೆ ಕೊಡಬೇಕಾದ್ದರಿಂದ, ಏಪ್ರಿಲ್‌ಗೆ ಮುಂಚೆಯೇ ಅರ್ಜಿ ಅವರ ಕೈಲಿರಬೇಕು. ಮುಂಗಾರು ಬಿದ್ದ ಮೇಲೆ ಹೂಳೆತ್ತುವ ಅರ್ಜಿ ಹಿಡಿದು ಹೋಗಬೇಡಿ.

ಇನ್ನೂ ಒಂದು ವೇಷ ಇದೆ, ಅದನ್ನು ಗುರುತಿಸಿ. ಬೀಜದವರು, ಔಷಧದವರು ನಮ್ಮ ಹೊಲದಲ್ಲಿ ಕ್ಷೇತ್ರೋತ್ಸವ ಮಾಡಿ, ಟೋಪಿ ಹಂಚಿ, ರೈತರಿಗೆ ಸೇವೆ ಅನ್ನುತ್ತಾರೆ. ತಮ್ಮ ಮಾಲಿನ ಪ್ರಚಾರಕ್ಕೆ ಮಾಡಿದ ಪ್ರಾಯೋಜನೆ, ತಮ್ಮ ಮಾಮೂಲು ವ್ಯಾಪಾರದ ಕೆಲಸ, ತಮ್ಮ ನೌಕರರಿಗೆ ಮಾತ್ರ ಅನುಕೂಲವಾಗುವ ಕೆಲಸ, ರಾಜಕೀಯ ಪಕ್ಷಕ್ಕೆ ಕೊಟ್ಟ ದೇಣಿಗೆ ಇವು ಯಾವುವೂ ಈ ಲೆಕ್ಕಕ್ಕೆ ಬರುವುದಿಲ್ಲ ಅಂತ ನಿಯಮವೇ ಹೇಳಿದೆ. ಸಾಲ ಕೊಡುವ ಕಂಪನಿಗಳನ್ನೂ ನೋಡಿ. ನೂರಕ್ಕೆ ಇಪ್ಪತ್ತರ ಮೇಲೆ ಬಡ್ಡಿ ಎಳೆದು, ಲಾಭದಲ್ಲಿ ಎರಡು ಪಾಲು ತೆಗೆದು, ಅದೇ ಊರಲ್ಲಿ ಕಣ್ಣಿನ ಶಿಬಿರ ಮಾಡಿ ಬ್ಯಾನರು ಕಟ್ಟುತ್ತಾರೆ. ಆ ವಸೂಲಿಯ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಶಿಬಿರ ಬೇಡ ಅನ್ನಬೇಡಿ, ಕಣ್ಣು ತೋರಿಸಿಕೊಳ್ಳಿ. ಆದರೆ ಬಡ್ಡಿ ಲೆಕ್ಕ ಮರೆಯಬೇಡಿ.

ಓದಿದ ಮೇಲೆ ಆದದ್ದು

ನನ್ನ ಸೊಸೆ, ಅದೇ ತಂಗಿ ಮಗಳು, ನಮ್ಮ ಜಿಲ್ಲೆ ಮತ್ತು ಪಕ್ಕದ ಜಿಲ್ಲೆಯಲ್ಲಿ ಕಾರ್ಖಾನೆ ಇರುವ 11 ಕಂಪನಿಗಳ ಮೂರು ಮೂರು ವರ್ಷದ ವರದಿ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದಳು. ನೀರು, ಮಣ್ಣಿಗೆ ದುಡ್ಡು ಹಾಕಿದವು ನಾಲ್ಕು. ಅದರಲ್ಲಿ ಎರಡು ತಮ್ಮದೇ ಟ್ರಸ್ಟಿಗೆ ಕೊಡುವವು. ಒಂದು ಒಂದೇ ಸಲ ಕೊಟ್ಟು ನಿಲ್ಲಿಸಿತ್ತು. ಉಳಿದ ಒಂದು ಮಾತ್ರ ಮೂರು ವರ್ಷವೂ ಕೆರೆಗಳಿಗೇ ಕೊಟ್ಟಿತ್ತು, ಒಂದು ಕೆರೆಗೆ 8 ಲಕ್ಷದಿಂದ 15 ಲಕ್ಷ. ಆ ಕಾರ್ಖಾನೆ ನಮ್ಮೂರಿಂದ ಮೂವತ್ತೇ ಕಿಲೋಮೀಟರು! ಅದರ ಮುಂದೆಯೇ ನಾವು ಟೆಂಪೋದಲ್ಲಿ ಬೆಂಗಳೂರಿಗೆ ಹೋಗಿದ್ದು.

ದಲ್ಲಾಳಿ ಮಾಡಿಸಿದ್ದ ಅಂದಾಜು 60 ಲಕ್ಷ. "ಇವರು ಯಾವತ್ತೂ 15 ದಾಟಿಲ್ಲ. ನೀವು 60 ಕೇಳಿದರೆ ಕಾಗದ ಮಡಿಚಿ ಪಕ್ಕಕ್ಕೆ ಇಡ್ತಾರೆ ಮಾವ" ಅಂದಳು. ಕೂತು ಕೆಲಸ ಸಣ್ಣದು ಮಾಡಿದ್ವಿ. ತೂಬಿನ ಮುಂದಿನ ಹೂಳು, ನೀರು ಬರುವ ಕಾಲುವೆ, ಕೋಡಿ ದುರಸ್ತಿ. ಗೋಡು ಮಣ್ಣು ರೈತರು ತಮ್ಮ ಟ್ರಾಕ್ಟರಿನಲ್ಲೇ ಹೊಲಕ್ಕೆ ಹೊಡೆದುಕೊಳ್ಳೋದು. 12 ಲಕ್ಷಕ್ಕೆ ಇಳಿಯಿತು.

ಆಮೇಲೆ ಒಂದು ಮುಖ್ಯ ಕೆಲಸ ಮಾಡಿದ್ವಿ. ಕಂಪನಿಗೆ ಹೋಗುವ ಮುಂಚೆ, ಹಿಂದೆ ದುಡ್ಡು ಪಡೆದ ಊರಿಗೆ ಹೋದ್ವಿ. ವರದಿಯಲ್ಲಿದ್ದ ಕೆಲಸದ ಹೆಸರು ಹಿಡಿದು ಕೇಳುತ್ತಾ ಹೋದರೆ ಊರು ಸಿಕ್ಕಿತು. ಅಲ್ಲಿಯ ಹಿರಿಯರು ಕೂರಿಸಿ ಮಜ್ಜಿಗೆ ಕೊಟ್ಟು ಎಲ್ಲ ಹೇಳಿದರು. ದುಡ್ಡು ಕಂತಿನಲ್ಲಿ ಬರುತ್ತೆ, ಎರಡನೇ ಕಂತು ತಡ ಆಗುತ್ತೆ, ಜೆಸಿಬಿಯವನಿಗೆ ಮೊದಲೇ ಹೇಳಿಡಿ, ಗಂಟೆ ಲೆಕ್ಕ ನೀವೇ ಬರೆದುಕೊಳ್ಳಿ ಅಂದರು. ಬೋರ್ಡು ದೊಡ್ಡದು ಹಾಕ್ತಾರೆ ಅಂತ ನಕ್ಕರು. ಈ ಮಾತುಗಳು ಯಾವ ವರದಿಯಲ್ಲೂ ಸಿಗೋದಿಲ್ಲ.

ಊರಿನ ಗುಂಪಿನ ಕೈಗೆ ಕಂಪನಿ ದುಡ್ಡು ನೇರವಾಗಿ ಬರುವುದಿಲ್ಲ. ಪಡೆಯುವ ಸಂಘವೋ ಟ್ರಸ್ಟೋ ನೋಂದಣಿ ಆಗಿರಬೇಕು, ಆದಾಯ ತೆರಿಗೆಯ 12ಎ ಮತ್ತು 80ಜಿ ಇರಬೇಕು, ಅಂಥ ಕೆಲಸ ಮಾಡಿದ ಮೂರು ವರ್ಷದ ಅನುಭವ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ನಮೂನೆಯಲ್ಲಿ ನೋಂದಾಯಿಸಿ ನಂಬರೂ ಪಡೆದಿರಬೇಕು. ನಮಗೆ ಇದು ಯಾವುದೂ ಇರಲಿಲ್ಲ. ಅದೇ ವರದಿಯಲ್ಲಿ ಕೆಲಸ ಮಾಡಿಸಿದ ಸಂಸ್ಥೆಯ ಹೆಸರಿತ್ತು. ಅವರ ಜೊತೆ ಸೇರಿದ್ವಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆ ಇರುವ ಕೆರೆ ಪಂಚಾಯಿತಿ ವ್ಯವಸ್ಥೆಯದ್ದು, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದ್ದು. ಯಾರದು ಅಂತ ತಿಳಿದು ಅವರ ಅನುಮತಿ ಪತ್ರ ಮೊದಲು ತೆಗೆದುಕೊಳ್ಳಿ. ಅದಿಲ್ಲದೆ ಒಂದು ಪುಟ್ಟಿ ಮಣ್ಣೂ ತೆಗೆಯುವಂತಿಲ್ಲ.

2020ರಲ್ಲಿ ಅರ್ಜಿ ಕೊಟ್ವಿ. ಆ ವರ್ಷದ ದುಡ್ಡೆಲ್ಲ ಕೊರೊನಾಕ್ಕೆ ಹೋಯಿತು. ಮತ್ತೆ ಕೊಟ್ವಿ. 12 ಕೇಳಿದ್ದಕ್ಕೆ 9 ಲಕ್ಷ ಒಪ್ಪಿದರು. 2022ರ ಬೇಸಿಗೆಯಲ್ಲಿ ಕೆಲಸ ಆಯಿತು. ಆ ವರ್ಷ ಮಳೆಯೂ ಕೈ ಹಿಡಿಯಿತು, ಕೆರೆ ಕೋಡಿ ಬಿತ್ತು. ಪೂರ್ತಿ ಹೂಳು ಹೋಗಿಲ್ಲ, ಹಿಂಭಾಗ ಹಾಗೇ ಇದೆ. ಆದರೂ ತೂಬಿನಲ್ಲಿ ನೀರು ಹರಿದದ್ದನ್ನು ಎಷ್ಟೋ ವರ್ಷದ ಮೇಲೆ ಕಂಡ್ವಿ. ಮೊದಲಿನ 42 ಸಾವಿರ ಮಾತ್ರ ಹೋಯಿತು. ಆ ಹೆಣ್ಣುಮಗಳ 300 ರೂಪಾಯಿ ನಾನು ವಾಪಸ್ ಕೊಡೋಕೆ ಹೋದರೆ, "ಕೆರೆ ತುಂಬ್ತಲ್ಲ ಬಿಡಣ್ಣ" ಅಂದಳು. ಎಲ್ಲರೂ ಅಷ್ಟು ದೊಡ್ಡ ಮನಸ್ಸಿನವರಲ್ಲ, ಇರಬೇಕಾಗೂ ಇಲ್ಲ.

ಇದು ಭಿಕ್ಷೆಯೇ?

ಚಳವಳಿಯ ಹಳೇ ಗೆಳೆಯರು ನನ್ನನ್ನು ಕೇಳಿದರು. "ಏನಪ್ಪಾ, ಬೆಲೆ ಕೊಡಿ ಅಂತ ರಸ್ತೆಗೆ ಇಳಿದವನು ನೀನು. ಈಗ ಕಂಪನಿಗಳಿಗೆ ಅರ್ಜಿ ಬರೆಯೋದು ಕಲಿಸ್ತಿದ್ದೀಯಾ? ನಾಳೆ ಅವರ ವಿರುದ್ಧ ಕೂಗೋಕೆ ಬಾಯಿ ಬರುತ್ತಾ?"

ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನಾನು ಎರಡು ಗೆರೆ ಹಾಕಿಕೊಂಡಿದ್ದೇನೆ. ರೈತ ಸಂಘಟನೆಗೆ ಯಾವ ಕಂಪನಿಯ ಒಂದು ಪೈಸೆಯೂ ಬೇಡ. ಪೆಂಡಾಲಿಗೂ ಬೇಡ, ಊಟಕ್ಕೂ ಬೇಡ. ತಗೊಂಡರೆ ಊರೊಟ್ಟಿನ ಕೆಲಸಕ್ಕೆ ಮಾತ್ರ, ಅದೂ ಷರತ್ತುಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿದ ಮೇಲೆ. ಎರಡನೆಯದು, ಅನುದಾನ ಯಾವತ್ತೂ ಬೆಲೆಗೆ ಬದಲಿ ಅಲ್ಲ. ಪೂರ್ಣ ಉತ್ಪಾದನಾ ವೆಚ್ಚದ ಮೇಲೆ ಅರ್ಧದಷ್ಟು ಸೇರಿಸಿ ಬೆಂಬಲ ಬೆಲೆ ಕೊಡಿ ಅಂತ ನಾವು ಕೇಳುತ್ತಿರುವುದು ಸ್ವಾಮಿನಾಥನ್ ಆಯೋಗದ 2006ರ ವರದಿಯ ಮಾತು ಹಿಡಿದು. ಅದು ಸಿಕ್ಕಿದ್ದರೆ ನಮ್ಮ ಕೆರೆ ಹೂಳನ್ನು ನಾವೇ ತೆಗೆಸುತ್ತಿದ್ದೆವು, ಯಾವ ಗಾಜಿನ ಕಟ್ಟಡದ ಕೆಳಗೂ ಕೂರುತ್ತಿರಲಿಲ್ಲ. ಕೊಬ್ಬರಿ ಕ್ವಿಂಟಲಿಗೆ ಸಾವಿರ ರೂಪಾಯಿ ಕಡಿಮೆ ಬಿದ್ದರೆ, ನೂರು ಕ್ವಿಂಟಲ್ ಮಾರುವ ಊರು ಒಂದು ಲಕ್ಷ ಕಳೆದುಕೊಂಡಿತು. ಯಾವ ಕಂಪನಿ ಬಂದು ಆ ಲಕ್ಷ ತುಂಬುತ್ತದೆ?

ಆದರೆ ಲೆಕ್ಕ ಓದುವುದು ಭಿಕ್ಷೆಯಲ್ಲ. ಓದದೆ ಹಾರ ಹಿಡಿದು ನಿಂತೆವಲ್ಲ, ಅದು ಭಿಕ್ಷೆ. ಕಾನೂನು ತೆಗೆದಿಡು ಅಂದ ದುಡ್ಡು ಎಲ್ಲಿಗೆ ಹೋಯಿತು ಅಂತ ಕೇಳೋದು ಲೆಕ್ಕ ಕೇಳೋದು. ಇದೇ ಕಾಗದ ಹಿಡಿದು ಅರ್ಜಿಯನ್ನೂ ಬರೆಯಬಹುದು, ಜವಾಬನ್ನೂ ಕೇಳಬಹುದು. ನಿಮ್ಮ ಕಾರ್ಖಾನೆ ನಮ್ಮ ಹೋಬಳಿಯಲ್ಲಿ, ನಿಮ್ಮ ದುಡ್ಡು ಮೂರು ವರ್ಷದಿಂದ ಇನ್ನೆಲ್ಲೋ, ಯಾಕೆ ಸ್ವಾಮಿ ಅಂತ ಅಂಕಿ ಮುಂದಿಟ್ಟು ಕೇಳಿದರೆ ಅವರ ಹತ್ತಿರ ಉತ್ತರ ಇರಬೇಕಾಗುತ್ತದೆ. ಅಂಕಿ ಇಲ್ಲದ ಕೂಗಿಗೆ ಪೊಲೀಸರು ಬರುತ್ತಾರೆ, ಅಂಕಿ ಇರುವ ಕೂಗಿಗೆ ಮ್ಯಾನೇಜರೂ ಬರುತ್ತಾನೆ.

ಅದಕ್ಕೇ ಇರಬೇಕು, ಅಂಕಿಗಳನ್ನೇ ಮರೆಮಾಡುತ್ತಿದ್ದಾರೆ. 2022ರ ಸೆಪ್ಟೆಂಬರಿನಲ್ಲಿ ವಾರ್ಷಿಕ ಸಿಎಸ್‌ಆರ್ ವರದಿಯ ನಮೂನೆಯನ್ನು ಮೊಟಕು ಮಾಡಿದರು. ಕೆಲಸ, ಜಿಲ್ಲೆ, ಮೊತ್ತ, ಮಾಡಿಸಿದ ಸಂಸ್ಥೆ ಅಂತ ಸಾಲುಸಾಲಾಗಿ ಇದ್ದ ಪಟ್ಟಿ ಆ ವರದಿಯ ನಮೂನೆಯಿಂದ ಹೋಗಿ ಒಟ್ಟು ಮೊತ್ತ ಉಳಿಯಿತು. ವಿವರ ಸರ್ಕಾರಕ್ಕೆ ಸಲ್ಲಿಸುವ ಬೇರೆ ನಮೂನೆಗೆ ಹೋಯಿತು. ನನ್ನ ಸೊಸೆ 2019ರಲ್ಲಿ ಒಂದು ರಾತ್ರಿಯಲ್ಲಿ ತೆಗೆದ ಪಟ್ಟಿಗೆ ಇವತ್ತು ಹತ್ತು ಕಡೆ ಹುಡುಕಬೇಕು. ಕಲ್ಲಿನ ಮೇಲಿನ ಅಕ್ಷರ ಉಳಿ ಹಿಡಿದು ಅಳಿಸಿದ ಹಾಗೆ ಇದು.

ಆದ್ದರಿಂದ ನಮ್ಮ ಬೇಡಿಕೆ ಪಟ್ಟಿಗೆ ಇವನ್ನೂ ಸೇರಿಸೋಣ. ಪ್ರತಿ ಕಂಪನಿ ತನ್ನ ಖರ್ಚಿನ ಪಟ್ಟಿಯನ್ನು ಜಿಲ್ಲೆ ಮಾತ್ರವಲ್ಲ, ತಾಲ್ಲೂಕು, ಗ್ರಾಮದ ಹೆಸರಿನೊಂದಿಗೆ ತನ್ನ ವಾರ್ಷಿಕ ವರದಿಯಲ್ಲೇ ಹಾಕಬೇಕು. ಕಾರ್ಖಾನೆ ಇರುವ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಅದನ್ನು ಕನ್ನಡದಲ್ಲಿ ಅಂಟಿಸಬೇಕು. ಸ್ಥಳೀಯ ಆದ್ಯತೆ ಸೂಚನೆ ಅಲ್ಲ, ಕಡ್ಡಾಯ ಅಂತ ಕಾಯಿದೆಯಲ್ಲಿ ಬರೆಯಬೇಕು. ನಮ್ಮೂರಲ್ಲಿ ಹಾಕುವ ಯಾವ ನಾಮಫಲಕದಲ್ಲೂ ಮೊತ್ತ ಇರಬೇಕು, ಇಲ್ಲದಿದ್ದರೆ ಫಲಕವೇ ಬೇಡ.

ಇದೆಲ್ಲ ಆಗುವವರೆಗೆ ಕಾಯಬೇಡಿ. ಈ ಸಂಚಿಕೆ ಓದಿ ಮುಗಿಸಿದವರು ಈ ತಿಂಗಳು ಒಂದೇ ಕೆಲಸ ಮಾಡಿ. ನಿಮ್ಮ ತಾಲ್ಲೂಕಿನಲ್ಲಿ ಹೊಗೆ ಬಿಡುವ ಚಿಮಣಿಗಳೆಷ್ಟು ಎಣಿಸಿ, ಒಂದೊಂದಕ್ಕೂ ಮೂರು ವರ್ಷದ ಲೆಕ್ಕ ತೆಗೆಸಿ, ಒಂದು ನೋಟ್‌ಬುಕ್ಕಿನಲ್ಲಿ ಬರೆಸಿ. ಆ ನೋಟ್‌ಬುಕ್ಕನ್ನು ಸಂಘದ ಕಚೇರಿಯಲ್ಲಿಡಿ, ಪಕ್ಕದೂರಿನವರು ಕೇಳಿದರೆ ಕೊಡಿ. ಮನೆಗೆ 300 ರೂಪಾಯಿ ಹಾಕಿ ಅಂತ ಯಾರಾದರೂ ಬಂದರೆ ಅದನ್ನು ಬಿಚ್ಚಿ ಅವನ ಮುಂದಿಡಿ. ನಿಮ್ಮ ಪರಿಚಯದ ಕಂಪನಿ ಯಾವುದಪ್ಪಾ, ಇದರಲ್ಲಿ ತೋರಿಸು ಅನ್ನಿ.